ದಡವಿಲ್ಲದ ದಿನದ ಕಥೆ

ವಿಹಾರನೌಕೆಯಲ್ಲಿ ಪ್ರವಾಸ ಹೊರಡುವವರ ಕೈಗೆ ಕಂಪೆನಿಯವರು ಒಂದು ಪಟ್ಟಿ ಕೊಡುತ್ತಾರೆ. ಮೊದಲ ದಿನ ಇಂಥ ಬಂದರು, ಎರಡನೆಯ ದಿನ ಇಂಥ ದ್ವೀಪ ಎಂದು ಸಾಗುವ ಆ ಪಟ್ಟಿಯ ನಡುವೆ ಒಂದು ಸಾಲಿನಲ್ಲಿ ಊರಿನ ಹೆಸರೇ ಇರುವುದಿಲ್ಲ. 'ಕಡಲಲ್ಲಿ' ಎಂದಷ್ಟೇ ಇರುತ್ತದೆ. ಅಂದು ಹಡಗು ಯಾವ ದಡವನ್ನೂ ಮುಟ್ಟುವುದಿಲ್ಲ. ನೋಡಲು ಕೋಟೆಯಿಲ್ಲ, ಗುಡಿಯಿಲ್ಲ, ಪೇಟೆಯಿಲ್ಲ. ಸುತ್ತ ನೀರು, ಮೇಲೆ ಆಕಾಶ. ಹಾಗಿದ್ದೂ ಇಡೀ ಪ್ರವಾಸದಲ್ಲಿ ತಮಗೆ ಹಿತವೆನಿಸಿದ್ದು ಆ ದಿನವೇ ಎನ್ನುವ ಪ್ರಯಾಣಿಕರು ಬಹಳ ಮಂದಿ.

ಏನೂ ಮಾಡದೆ ಕೂರುವುದಕ್ಕೆ ದುಡ್ಡು ಕೊಟ್ಟು ಸಮುದ್ರಕ್ಕೆ ಹೋಗಬೇಕೆ? ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಆದರೆ ಕಡಲ ನಡುವಿನ ಈ ಬಿಡುವು ತಾನಾಗಿ ಹುಟ್ಟಿದ್ದಲ್ಲ. ಅದಕ್ಕೆ ನೂರಮೂವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ, ಅದರದೇ ಆದ ಲೆಕ್ಕಾಚಾರವಿದೆ. ಒಬ್ಬರ ಬಿಡುವನ್ನು ಹೊತ್ತು ನಿಂತಿರುವ ಮತ್ತೊಬ್ಬರ ದುಡಿಮೆಯೂ ಇದೆ.

ಬೆಳಗಿನಿಂದ ಇರುಳಿನವರೆಗೆ

ಕಡಲ ದಿನ ನಿಧಾನವಾಗಿ ಬೆಳಗಾಗುತ್ತದೆ. ಬಂದರಿನಲ್ಲಿ ಇಳಿಯುವ ಅವಸರವಿಲ್ಲದ ಕಾರಣ ತಿಂಡಿಯ ಹೊತ್ತು ಮುಂದಕ್ಕೆ ಹೋಗುತ್ತದೆ. ನಸುಕಿನಲ್ಲೇ ಎದ್ದವರು ಡೆಕ್‌ನ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಈಜುಕೊಳದ ಬಳಿಯ ಒರಗುಕುರ್ಚಿಗಳ ಮೇಲೆ ಸೂರ್ಯೋದಯಕ್ಕೆ ಮೊದಲೇ ಯಾರೋ ಟವೆಲ್ ಹಾಸಿ, ಮೇಲೊಂದು ಪುಸ್ತಕವಿಟ್ಟು ಹೋಗಿರುತ್ತಾರೆ. ನಮ್ಮ ಬಸ್ ನಿಲ್ದಾಣಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ನೆಂಟರು ನಡುಗಡಲಲ್ಲೂ ಇದ್ದಾರೆ! ಆಮೇಲೆ ಗ್ರಂಥಾಲಯ, ಇಸ್ಪೀಟು, ಅಡುಗೆಯ ಪಾಠ, ಮುಂದಿನ ಬಂದರಿನ ಬಗ್ಗೆ ಉಪನ್ಯಾಸ, ಸಂಜೆ ಸಂಗೀತ, ರಾತ್ರಿ ರಂಗಮಂದಿರದಲ್ಲಿ ಪ್ರದರ್ಶನ. ಏನೂ ಬೇಡವೆಂದವರಿಗೆ ಅಲೆಗಳಿದ್ದೇ ಇವೆ.

ಅನೇಕ ಹಡಗುಗಳಲ್ಲಿ ನಡುಮಧ್ಯಾಹ್ನ ಕಪ್ತಾನನ ದನಿ ಧ್ವನಿವರ್ಧಕದಲ್ಲಿ ಕೇಳಿಬರುತ್ತದೆ. ಹಡಗು ಎಲ್ಲಿದೆ, ಯಾವ ವೇಗದಲ್ಲಿ ಸಾಗಿದೆ, ಹವೆ ಹೇಗಿದೆ ಎಂಬ ವರದಿ. 20 ನಾಟ್ ಎಂದರೆ ಗಂಟೆಗೆ ಸುಮಾರು 37 ಕಿ.ಮೀ. ನಮ್ಮ ಹಳ್ಳಿ ರಸ್ತೆಯ ಬಸ್ಸಿನ ವೇಗ ಅಷ್ಟೇ. ಆದರೆ ಎಲ್ಲೂ ನಿಲ್ಲದ ಕಾರಣ ಹಡಗು 24 ಗಂಟೆಗಳಲ್ಲಿ 480 ನಾವಿಕ ಮೈಲಿ, ಅಂದರೆ ಸುಮಾರು 890 ಕಿ.ಮೀ. ಕ್ರಮಿಸುತ್ತದೆ. ವಿಹಾರನೌಕೆಗಳು ಸಾಮಾನ್ಯವಾಗಿ ರಾತ್ರಿ ಸಾಗಿ ಹಗಲು ಬಂದರಿನಲ್ಲಿರುತ್ತವೆ. ಎರಡು ಬಂದರುಗಳ ನಡುವಿನ ದೂರ ಒಂದು ರಾತ್ರಿಗೆ ಮುಗಿಯದಿದ್ದಾಗ ಕಡಲ ದಿನ ಹುಟ್ಟುತ್ತದೆ. ಹಡಗು ಪಶ್ಚಿಮಕ್ಕೆ ಸಾಗುತ್ತಿದ್ದರೆ ಕೆಲವು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಆಗ ಆ ದಿನಕ್ಕೆ 25 ಗಂಟೆ!

ಈ ದಿನದಲ್ಲಿ ವ್ಯಾಪಾರದ ಜಾಣತನವೂ ಇದೆ. ಬಂದರಿನಲ್ಲಿ ಪ್ರಯಾಣಿಕರು ಇಳಿದು ಊರಿನ ಅಂಗಡಿ, ಹೋಟೆಲುಗಳಲ್ಲಿ ಖರ್ಚು ಮಾಡುತ್ತಾರೆ. ನಡುಗಡಲಲ್ಲಿ ಖರ್ಚು ಮಾಡಲು ಹಡಗಿನ ಹೊರತು ಬೇರೆ ಜಾಗವಿಲ್ಲ. ದಡದಿಂದ 12 ನಾವಿಕ ಮೈಲಿ, ಸುಮಾರು 22 ಕಿ.ಮೀ.ವರೆಗಿನ ನೀರು ಆಯಾ ದೇಶಕ್ಕೆ ಸೇರಿದ್ದು. ಅದನ್ನು ದಾಟುವವರೆಗೆ ಕ್ಯಾಸಿನೊ ಮತ್ತು ಸುಂಕರಹಿತ ಅಂಗಡಿಗಳು ಸಾಮಾನ್ಯವಾಗಿ ಬಾಗಿಲು ಹಾಕಿರುತ್ತವೆ. ಹೀಗಾಗಿ ಪ್ರಯಾಣಿಕರಿಗೆ ಏನೂ ಕೆಲಸವಿಲ್ಲದ ದಿನವೇ ಕಂಪೆನಿಗೆ ಒಳ್ಳೆಯ ಸಂತೆಯ ದಿನ.

ಕಡಲ ದಿನ ಸಹಿಸಲು ಕಷ್ಟವಾಗಿದ್ದ ಕಾಲ

ಹಿಂದೆ ಹೀಗಿರಲಿಲ್ಲ. ಕಡಲಲ್ಲಿ ಕಳೆಯುವ ದಿನವೆಂದರೆ ಊರು ಸೇರಲು ತೆರಬೇಕಾದ ದಂಡ. ವಾಂತಿ, ಜ್ವರ, ಉಪ್ಪುಗಾಳಿ, ಬೇಸರ. ಕೆಳಗಿನ ದರ್ಜೆಯಲ್ಲಿ ಗಾಳಿಬೆಳಕಿಲ್ಲದೆ ಅಟ್ಲಾಂಟಿಕ್ ದಾಟಿದ ವಲಸೆಗಾರರಿಗೆ ಆ ದಿನಗಳು ಬೇಗ ಮುಗಿದರೆ ಸಾಕಾಗಿತ್ತು. ನಮ್ಮಲ್ಲಂತೂ ಕಡಲು ದಾಟಿದವರಿಗೆ ಜಾತಿಯಿಂದ ಬಹಿಷ್ಕಾರ ಕಾದಿತ್ತು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಇಂಗ್ಲೆಂಡಿಗೆ ಹಡಗು ಹತ್ತಿದ ಮೋಹನದಾಸ ಗಾಂಧಿ ಆ ಬಹಿಷ್ಕಾರವನ್ನು ಹೊತ್ತೇ ಹೊರಟಿದ್ದರು. ಮುಳ್ಳುಚಮಚ ಹಿಡಿಯಲು ಬಾರದು, ಇಂಗ್ಲಿಷಿನಲ್ಲಿ ಮಾತಾಡಲು ನಾಚಿಕೆ, ಯಾವ ತಿನಿಸಿನಲ್ಲಿ ಮಾಂಸವಿದೆಯೋ ಎಂಬ ಅಂಜಿಕೆ. ಭೋಜನಶಾಲೆಗೆ ಹೋಗದೆ, ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನು ಕೋಣೆಯಲ್ಲೇ ತಿನ್ನುತ್ತಿದ್ದುದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಆ ದೀರ್ಘ ದಿನಗಳನ್ನು ಬೇರೆ ರೀತಿ ಕಂಡವರೂ ಇದ್ದರು. 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿ.ಕೃ. ಗೋಕಾಕರಿಗೆ ಕಡಲ ಪಯಣ ಕಾವ್ಯವಾಗಿ ಒದಗಿತು. ಅವರ 'ಸಮುದ್ರ ಗೀತೆಗಳು' ಸಂಕಲನದ ಹಿಂದೆ ಆ ಅನುಭವವಿದೆ. ಆದರೂ ಗಾಂಧಿಗಾಗಲಿ ಗೋಕಾಕರಿಗಾಗಲಿ ಹಡಗು ಒಂದು ಸಾಧನವಷ್ಟೇ ಆಗಿತ್ತು. ಅವರು ಹೊರಟಿದ್ದು ಇಂಗ್ಲೆಂಡಿಗೆ.

ಹಡಗನ್ನೇ ಊರಾಗಿ ಮಾರುವ ಯೋಚನೆಗೆ ಕಾರಣ ಚಳಿಗಾಲ. ಜರ್ಮನಿಯ ಹ್ಯಾಂಬರ್ಗ್ ಅಮೆರಿಕ ಕಂಪೆನಿಯ ದೊಡ್ಡ ಹಡಗುಗಳು ಅಟ್ಲಾಂಟಿಕ್‌ನ ಬಿರುಗಾಳಿಯ ತಿಂಗಳುಗಳಲ್ಲಿ ಪ್ರಯಾಣಿಕರಿಲ್ಲದೆ ನಷ್ಟ ಅನುಭವಿಸುತ್ತಿದ್ದವು. ಕಂಪೆನಿಯ ಆಲ್ಬರ್ಟ್ ಬಾಲಿನ್ ಎಂಬಾತ ಖಾಲಿ ಹಡಗನ್ನು ಬಿಸಿಲಿರುವ ಕಡೆಗೆ ಕಳಿಸಿದ. 1891ರ ಜನವರಿಯಲ್ಲಿ 'ಆಗಸ್ಟಾ ವಿಕ್ಟೋರಿಯಾ' 241 ಪ್ರಯಾಣಿಕರನ್ನು ಹೊತ್ತು ಮೆಡಿಟರೇನಿಯನ್ ಸುತ್ತಿ ಸುಮಾರು ಎರಡು ತಿಂಗಳಿಗೆ ಹೊರಟಲ್ಲಿಗೇ ಮರಳಿತು. ಹಾಗೆ ಹೊರಟಲ್ಲಿಗೇ ಮರಳುವ ಪಯಣಕ್ಕೆ ಜನ ಸಂತೋಷದಿಂದ ಹಣ ಕೊಟ್ಟಿದ್ದರು! 1900ರಲ್ಲಿ ಅದೇ ಕಂಪೆನಿ ವಿಹಾರಕ್ಕೆಂದೇ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್' ಎಂಬ ಹಡಗನ್ನು ಕಟ್ಟಿಸಿತು. ಅದರಲ್ಲಿ ಇದ್ದದ್ದು ಮೊದಲ ದರ್ಜೆಯ ಕೋಣೆಗಳು ಮಾತ್ರ. 1906ರ ಡಿಸೆಂಬರಿನಲ್ಲಿ ಜಮೈಕದ ಕರಾವಳಿಯಲ್ಲಿ ಬಂಡೆಗೆ ತಾಗಿ ಆ ಹಡಗು ನಾಶವಾಯಿತು. ಅದು ಹಾಕಿಕೊಟ್ಟ ದಾರಿ ಮಾತ್ರ ಉಳಿಯಿತು.

ಜೆಟ್ ವಿಮಾನ ಕೊಟ್ಟ ಪೆಟ್ಟು

ಪ್ರಯಾಣಿಕ ಹಡಗುಗಳಿಗೆ ನಿಜವಾದ ಏಟು ಬಿದ್ದದ್ದು 1958ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಪ್ರಯಾಣಿಕ ಸೇವೆ ಆರಂಭವಾಯಿತು. ಹಡಗಿನಲ್ಲಿ ನಾಲ್ಕೈದು ದಿನ ಹಿಡಿಯುತ್ತಿದ್ದ ದಾರಿ ಒಂದು ರಾತ್ರಿಯ ನಿದ್ದೆಗೆ ಇಳಿಯಿತು. ಬೇಗ ಹೋಗಬೇಕಾದವರು ವಿಮಾನ ಹತ್ತಿದರು. ಹಡಗಿನ ಬಳಿ ಉಳಿದದ್ದು ನಿಧಾನ ಮಾತ್ರ. ಅದನ್ನೇ ಅದು ಮಾರಲು ಕಲಿಯಿತು.

ಈ ಬದಲಾವಣೆಯನ್ನು ಒಂದೇ ಹಡಗಿನ ಬಾಳಿನಲ್ಲಿ ಕಾಣಬಹುದು. 316 ಮೀಟರ್ ಉದ್ದದ 'ಫ್ರಾನ್ಸ್' ಹಡಗು 1962ರಲ್ಲಿ ಅಟ್ಲಾಂಟಿಕ್ ದಾಟಲೆಂದು ಸೇವೆಗಿಳಿಯಿತು. ಅಂದಿಗೆ ಅದು ಜಗತ್ತಿನ ಅತಿ ಉದ್ದದ ಪ್ರಯಾಣಿಕ ಹಡಗು. ನಷ್ಟ ತಾಳಲಾರದೆ 1974ರಲ್ಲಿ ಅದನ್ನು ಕಟ್ಟಿಹಾಕಿದರು. 1980ರಲ್ಲಿ 'ನಾರ್ವೆ' ಎಂಬ ಹೊಸ ಹೆಸರಿನಿಂದ ಅದು ಕೆರಿಬಿಯನ್ ಸಮುದ್ರದಲ್ಲಿ ವಿಹಾರನೌಕೆಯಾಯಿತು. ಅವಸರವಿಲ್ಲದ ಕಾರಣ ಅದರ ಯಂತ್ರಬಲವನ್ನೇ ತಗ್ಗಿಸಿದ್ದರು. ಕೊನೆಗೆ ಅದು ಬಂದು ಸೇರಿದ್ದು ನಮ್ಮ ಗುಜರಾತಿನ ಅಲಂಗ್ ಕಡಲತೀರಕ್ಕೆ. 2006ರಲ್ಲಿ 'ಬ್ಲೂ ಲೇಡಿ' ಎಂಬ ಹೆಸರಿನಲ್ಲಿ ಬಂದ ಅದರ ಒಡಲಲ್ಲಿ ಕಲ್ನಾರು ತುಂಬಿತ್ತು. ಒಡೆಯುವ ಕಾರ್ಮಿಕರ ಶ್ವಾಸಕೋಶಕ್ಕೆ ಅದು ವಿಷವೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2007ರಲ್ಲಿ ಒಡೆಯಲು ಅನುಮತಿ ಸಿಕ್ಕಿತು.

ಇಂದಿನ ವಿಹಾರನೌಕೆಗಳು ತೇಲುವ ಊರುಗಳೇ ಸರಿ. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ಹಡಗಿನ ಉದ್ದ ಸುಮಾರು 365 ಮೀಟರ್. 20 ಅಂತಸ್ತು. ಪೂರ್ತಿ ತುಂಬಿದರೆ 7,600 ಪ್ರಯಾಣಿಕರು, ಅವರ ಜೊತೆ 2,350 ಸಿಬ್ಬಂದಿ. ನಮ್ಮ ಒಂದು ಹೋಬಳಿ ಕೇಂದ್ರದ ಜನಸಂಖ್ಯೆಯಷ್ಟು! ಇಷ್ಟು ಜನರಿಗೆ ಬೇಕಾದ ಸಿಹಿನೀರಿನ ಬಹುಪಾಲನ್ನು ಇಂಥ ಹಡಗುಗಳು ಕಡಲ ನೀರಿನಿಂದಲೇ ತಯಾರಿಸಿಕೊಳ್ಳುತ್ತವೆ. ನೀರಿನಡಿ ಎರಡೂ ಬದಿಗೆ ಚಾಚುವ, ಮೀನಿನ ರೆಕ್ಕೆಯಂಥ ಹಲಗೆಗಳು ಹೊಯ್ದಾಟವನ್ನು ತಗ್ಗಿಸುತ್ತವೆ. ಗಾಂಧಿಯ ಕಾಲದ ಪ್ರಯಾಣಿಕರಿಗೆ ಈ ಅನುಕೂಲವಿರಲಿಲ್ಲ.

ಭಾರತದಲ್ಲೂ ಈ ವಿಹಾರದ ರುಚಿ ಹತ್ತಿದೆ. 2019ರ ಏಪ್ರಿಲಿನಲ್ಲಿ ಮುಂಬಯಿಯಿಂದ 'ಕರ್ಣಿಕಾ' ಹೊರಟಿತು. ಕೋವಿಡ್ ಬಂದು ಆ ಉದ್ಯಮವೇ ಮುಳುಗಿ, 2020ರಲ್ಲಿ ಅದೂ ಅಲಂಗ್ ಸೇರಿತು. 2021ರ ಸೆಪ್ಟೆಂಬರಿನಲ್ಲಿ, 1990ರಲ್ಲಿ ಕಟ್ಟಿದ 'ಎಂಪ್ರೆಸ್' ಹಡಗು ಇಲ್ಲಿ ಯಾನ ಆರಂಭಿಸಿತು. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ವಿದೇಶಿ ವಿಹಾರನೌಕೆಗಳು ಬರುತ್ತವೆ. ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಬಸದಿ ನೋಡಿ ಸಂಜೆಯೊಳಗೆ ಹಡಗಿಗೆ ಮರಳುತ್ತಾರೆ.

ಒಂದು ಹಡಗು, ಎರಡು ಬಗೆಯ ದಿನ

ಇಷ್ಟೆಲ್ಲ ಸುಖದ ಕೆಳಗೆ ಮತ್ತೊಂದು ಹಡಗಿದೆ. ಪ್ರಯಾಣಿಕರು ಇಳಿಯದ ಕೆಳ ಅಂತಸ್ತುಗಳಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಉಗ್ರಾಣ, ಸಿಬ್ಬಂದಿಯ ಕಿಟಕಿಯಿಲ್ಲದ ಪುಟ್ಟ ಕೋಣೆಗಳು. ಹಡಗಿನ ಈ ತುದಿಯಿಂದ ಆ ತುದಿಗೆ ಹೋಗುವ ಸಿಬ್ಬಂದಿಯ ಓಣಿಯನ್ನು ಅನೇಕ ಹಡಗುಗಳಲ್ಲಿ ಅಮೆರಿಕದ ಹೆದ್ದಾರಿಯೊಂದರ ಹೆಸರಿನಿಂದ 'ಐ-95' ಎಂದೇ ಕರೆಯುತ್ತಾರೆ. ಬಂದರಿನ ದಿನ ಪ್ರಯಾಣಿಕರು ಊರು ನೋಡಲು ಹೋದಾಗ ಸಿಬ್ಬಂದಿಗೆ ಕೊಂಚ ಉಸಿರಾಡಲು ಸಮಯ. ಸರದಿ ಕೂಡಿಬಂದರೆ ತಾವೂ ಇಳಿದು ಮನೆಗೆ ಫೋನ್ ಮಾಡಿ ಬರಬಹುದು. ಕಡಲ ದಿನ ಪ್ರಯಾಣಿಕರೆಲ್ಲ ಹಡಗಿನಲ್ಲೇ. ಮೂರು ಹೊತ್ತಿನ ಊಟ, ನಡುವೆ ಚಹಾ, ಕೊಳದ ಬಳಿ ಪಾನೀಯ, ಒದ್ದೆಯಾದ ಸಾವಿರಾರು ಟವೆಲ್. ಪ್ರಯಾಣಿಕರಿಗೆ ಅತಿ ಹಗುರಾದ ದಿನವೇ ಊಟ ಬಡಿಸುವವನಿಗೆ ಅತಿ ಭಾರದ ದಿನ.

ಈ ದುಡಿಮೆಯಲ್ಲಿ ಭಾರತೀಯರ ಪಾಲು ಹಳೆಯದು. ಬ್ರಿಟಿಷ್ ಹಡಗುಗಳಲ್ಲಿ ಕಲ್ಲಿದ್ದಲು ತುಂಬುತ್ತಿದ್ದ ಲಸ್ಕರರು ಈ ನಾಡಿನವರು. ಪಿ ಅಂಡ್ ಓ ಕಂಪೆನಿಯ ಭೋಜನಶಾಲೆಗಳಲ್ಲಿ ಬಡಿಸುತ್ತಿದ್ದವರು ಹೆಚ್ಚಾಗಿ ಗೋವೆಯವರು. ಇಂದು ಫಿಲಿಪ್ಪೀನ್ಸ್, ಇಂಡೊನೇಷ್ಯದವರ ಜೊತೆ ಗೋವೆ, ಮುಂಬಯಿ, ಕೇರಳದವರಿದ್ದಾರೆ. ಹೋಟೆಲ್ ವಿದ್ಯೆ ಕಲಿತ ನಮ್ಮ ಕರಾವಳಿಯ ಯುವಕರೂ ಇದ್ದಾರೆ. ಆರರಿಂದ ಒಂಬತ್ತು ತಿಂಗಳ ಗುತ್ತಿಗೆ. ಆ ಅವಧಿಯಲ್ಲಿ ಪೂರ್ತಿ ಒಂದು ದಿನದ ರಜೆ ಸಿಗುವುದು ಅಪರೂಪ. ಹಡಗಿನ ಒಡೆಯರು ಒಂದು ದೇಶದವರು, ಬಾವುಟ ಪನಾಮ ಅಥವಾ ಬಹಾಮಾಸ್‌ನದು. ಹಡಗಿನ ಮೇಲೆ ನಡೆಯುವುದು ಬಾವುಟದ ದೇಶದ ಕಾನೂನು.

ಇವರಿಗೆ ಅಂತರರಾಷ್ಟ್ರೀಯ ರಕ್ಷಣೆಯೆಂದರೆ 2006ರ ಕಡಲ ಕಾರ್ಮಿಕ ಒಡಂಬಡಿಕೆ. ಅದು ಜಾರಿಗೆ ಬಂದದ್ದು 2013ರ ಆಗಸ್ಟ್ 20ರಂದು. ಭಾರತ ಒಪ್ಪಿದ್ದು 2015ರಲ್ಲಿ. ಅದರಲ್ಲಿ ಎರಡು ಅಳತೆಗಳಿವೆ, ದೇಶಗಳು ಒಂದನ್ನು ಆರಿಸಿಕೊಳ್ಳಬಹುದು. ದುಡಿಮೆ 24 ಗಂಟೆಗಳಲ್ಲಿ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು ಎಂಬುದು ಒಂದು. ವಿಶ್ರಾಂತಿ 24 ಗಂಟೆಗಳಲ್ಲಿ 10 ಗಂಟೆ, ವಾರಕ್ಕೆ 77 ಗಂಟೆಗೆ ಕಡಿಮೆಯಾಗಬಾರದು ಎಂಬುದು ಇನ್ನೊಂದು. ವಾರದ 168 ಗಂಟೆಗಳಿಂದ 77 ಕಳೆದರೆ ಉಳಿಯುವುದು 91. ನಮ್ಮ ಕಾರ್ಖಾನೆಗಳಲ್ಲಿ ವಾರದ ಸಾಮಾನ್ಯ ಮಿತಿ 48 ಗಂಟೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಅಂಕಿಯ ತೂಕ ತಿಳಿಯುತ್ತದೆ.

ಎರಡು ಹಡಗುಗಳ ನಡುವಿನ ಗೆರೆ ಜಗತ್ತಿಗೆಲ್ಲ ಕಂಡದ್ದು 2020ರ ಫೆಬ್ರುವರಿಯಲ್ಲಿ. ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ಕೊರೊನಾ ಕಾರಣ ತಡೆಹಿಡಿದಾಗ ಅದರಲ್ಲಿ 3,711 ಮಂದಿ ಇದ್ದರು. 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು. ಪ್ರಯಾಣಿಕರನ್ನು ಅವರವರ ಕೋಣೆಗಳಲ್ಲಿ ಇರಿಸಲಾಯಿತು. ಆದರೆ ಬಾಗಿಲು ಬಾಗಿಲಿಗೆ ಊಟ ಮುಟ್ಟಿಸಬೇಕಿತ್ತಲ್ಲ? ಸಿಬ್ಬಂದಿ ದುಡಿಯುತ್ತಲೇ ಇದ್ದರು, ರಾತ್ರಿ ಹಂಚಿಕೊಂಡ ಕೋಣೆಗಳಲ್ಲೇ ಮಲಗಿದರು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ. ಕೆಲವರು ಮೊಬೈಲ್ ವಿಡಿಯೊಗಳಲ್ಲಿ ನೆರವು ಕೋರಿದರು. ಫೆಬ್ರುವರಿ 27ರಂದು 119 ಭಾರತೀಯರನ್ನು ವಿಮಾನದಲ್ಲಿ ದೆಹಲಿಗೆ ಕರೆತರಲಾಯಿತು.

ಇದನ್ನೆಲ್ಲ ಓದಿ ಕಡಲ ವಿಹಾರವೇ ಪಾಪವೆಂದು ಯಾರೂ ತಿಳಿಯಬೇಕಿಲ್ಲ. ಕರಾವಳಿಯ ಎಷ್ಟೋ ಮನೆಗಳ ತಾರಸಿ, ತಂಗಿಯರ ಮದುವೆ, ಮಕ್ಕಳ ಓದು ಈ ಹಡಗುಗಳ ಸಂಬಳದಿಂದಲೇ ನಡೆದಿವೆ. ದಡವೂ ಅವಸರವೂ ಇಲ್ಲದ ಒಂದು ದಿನ ಯಾರಿಗಾದರೂ ಸಿಕ್ಕರೆ ಅದು ಭಾಗ್ಯವೇ. ಆದರೆ ಟಿಕೆಟ್ ಕೊಳ್ಳುವ ಮುನ್ನ ಊಟದಲ್ಲಿ ಏನೇನಿದೆ ಎಂದು ವಿಚಾರಿಸುವ ನಾವು, ಹಡಗಿನ ಮೇಲೆ ಯಾವ ದೇಶದ ಬಾವುಟವಿದೆ, ಬಡಿಸುವವರಿಗೆ ದಿನಕ್ಕೆ ಎಷ್ಟು ಗಂಟೆ ವಿಶ್ರಾಂತಿ, ನಾವು ಕೊಡುವ ಭಕ್ಷೀಸು ಅವರ ಕೈ ಸೇರುತ್ತದೆಯೇ ಎಂದೂ ವಿಚಾರಿಸಬಹುದು. ಕೇಳುವ ಗಿರಾಕಿಗಳು ಹೆಚ್ಚಿದಷ್ಟೂ ಕಂಪೆನಿಗಳು ಉತ್ತರ ಸಿದ್ಧವಿಟ್ಟುಕೊಳ್ಳಬೇಕಾಗುತ್ತದೆ.