ಬೇಸ್ ಗಿಟಾರ್ ‘ಬರ್ರ್’ ಅಂತಿದ್ಯಾ? ನೆಕ್ ಟೈಟ್ ಮಾಡೋ ಮೊದಲು ಇದನ್ನ ಓದಿ

ಸಕಲೇಶಪುರ: ಗಣೇಶನ ಪೆಂಡಾಲ್‌ನಲ್ಲಿ ಚೆನ್ನಾಗೇ ನುಡೀತಿದ್ದ ಬೇಸ್ ಗಿಟಾರ್ ರಾಜ್ಯೋತ್ಸವದ ಆರ್ಕೆಸ್ಟ್ರಾ ಹೊತ್ತಿಗೆ ‘ಬರ್ರ್’ ಅನ್ನೋಕೆ ಶುರು ಮಾಡುತ್ತೆ. ತಂತಿ ಬದಲಾಯಿಸಿದರೂ ಹೋಗಲ್ಲ. ಆಗ ಹೆಚ್ಚಿನವರು ಮಾಡೋದು ಒಂದೇ ಕೆಲಸ. ‘ಏನೋ ಲೂಸಾಗಿದೆ’ ಅಂದುಕೊಂಡು ನೆಕ್‌ನಲ್ಲಿರೋ ನಟ್ಟನ್ನ ಟೈಟ್ ಮಾಡ್ತಾರೆ. ಮಳೆ ನಿಂತು ಒಣ ಗಾಳಿ ಶುರುವಾದ ಮೇಲೆ ಬರೋ ಈ ಸದ್ದಿಗೆ ಸಾಮಾನ್ಯವಾಗಿ ಬೇಕಾಗಿರೋದು ಅದರ ಉಲ್ಟಾ, ಸ್ವಲ್ಪ ಸಡಿಲ ಮಾಡೋದು.

ಯಾಕೆ ಹೀಗೆ? ನೆಕ್ ಅಂದ್ರೆ ಮರ. ಬೇಸ್‌ನ ನಾಲ್ಕು ತಂತಿ ಸೇರಿ ಅದನ್ನ ಸುಮಾರು 70–80 ಕೆಜಿ ಬಲದಲ್ಲಿ ಎಳೀತಾ ಇರುತ್ತವೆ. ಒಂದೂವರೆ ಮೂಟೆ ಸಿಮೆಂಟಿನ ಭಾರ ಹಗಲೂ ರಾತ್ರಿ ಜಗ್ಗಿದ ಹಾಗೆ. ಆ ಎಳೆತಕ್ಕೆ ನೆಕ್ ಬಿಲ್ಲಿನಂತೆ ಮುಂದಕ್ಕೆ ಬಾಗದಿರಲಿ ಅಂತ ಒಳಗೆ ಒಂದು ಉಕ್ಕಿನ ಸರಳು ಕೂರಿಸಿರುತ್ತಾರೆ. ಅದೇ ಟ್ರಸ್ ರಾಡ್. ಅಮೆರಿಕದ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಇದಕ್ಕೆ 1923ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದ್ರೆ ಲಿಯೋ ಫೆಂಡರ್ ಅವರ ಪ್ರಿಸಿಶನ್ ಬೇಸ್ (1951) ಬರೋಕೂ ಎಷ್ಟೋ ವರ್ಷ ಮೊದಲು.

ಮಳೆಗಾಲದಲ್ಲಿ ಮರ ತೇವ ಹೀರಿಕೊಂಡು ನೆಕ್ ಸಾಮಾನ್ಯವಾಗಿ ಮುಂದಕ್ಕೆ ಬಾಗುತ್ತೆ, ತಂತಿ ಎತ್ತರ ಆಗಿ ಬೆರಳು ನೋಯುತ್ತೆ. ಒಣ ಹವೆ ಬಂದಾಗ ಒಣಗಿ ನೇರ ಆಗುತ್ತೆ, ಕೆಲವೊಮ್ಮೆ ಹಿಂದಕ್ಕೂ ಬಾಗುತ್ತೆ. ದಪ್ಪ ತಂತಿ ಅಗಲಕ್ಕೆ ಕಂಪಿಸುತ್ತೆ, ಅದಕ್ಕೆ ನೆಕ್‌ನಲ್ಲಿ ಚೂರು ಬಾಗು ಬೇಕೇ ಬೇಕು. ಸ್ಕೇಲ್ ಇಟ್ಟ ಹಾಗೆ ಪೂರ್ತಿ ನೇರ ಇದ್ದರೆ ತಂತಿ ಫ್ರೆಟ್‌ಗೆ ಬಡಿಯುತ್ತೆ.

ಮೊದಲು ಸದ್ದು ಎಲ್ಲಿ ಬರ್ತಿದೆ ಅಂತ ಕೇಳಿಸಿಕೊಳ್ಳಿ. ಒಂದರಿಂದ ಐದನೇ ಫ್ರೆಟ್‌ವರೆಗೆ ಬರ್ತಿದ್ರೆ ನೆಕ್ ಜಾಸ್ತಿ ನೇರ ಆಗಿರೋ ಸಾಧ್ಯತೆ ಹೆಚ್ಚು. ಎಲ್ಲಾ ಕಡೆ ಬರ್ತಿದ್ರೆ, ಇಲ್ಲಾ 12ನೇ ಫ್ರೆಟ್ ಮೇಲಷ್ಟೇ ಬರ್ತಿದ್ರೆ ಬ್ರಿಡ್ಜ್‌ನ ಸ್ಯಾಡಲ್ ತಗ್ಗಿರಬಹುದು. ಒಂದೇ ಒಂದು ಫ್ರೆಟ್‌ನಲ್ಲಿ ಒತ್ತಿದಾಗ ಮಾತ್ರ ಅಂದ್ರೆ ಆ ಫ್ರೆಟ್ ಸವೆದಿದೆ ಅಥವಾ ಅದರ ಮುಂದಿನದು ಎದ್ದಿದೆ. ಅದಕ್ಕೆ ರಾಡ್ ತಿರುಗಿಸಿ ಏನೂ ಪ್ರಯೋಜನ ಇಲ್ಲ.

ಊಹೆ ಬೇಡ, ಅಳತೆ ನೋಡಿ. ತಂತಿಗಳನ್ನ ಸರಿಯಾಗಿ ಟ್ಯೂನ್ ಮಾಡಿ, ನುಡಿಸುವ ಹಾಗೇ ತೊಡೆ ಮೇಲೆ ಹಿಡೀರಿ. ಮಂಚದ ಮೇಲೆ ಮಲಗಿಸಿ ಅಳೆದರೆ ಲೆಕ್ಕ ತಪ್ಪುತ್ತೆ. ದಪ್ಪ ತಂತಿಯನ್ನ ಮೊದಲನೇ ಫ್ರೆಟ್‌ನಲ್ಲಿ ಕೇಪೋ ಹಾಕಿ ಒತ್ತಿ, ಕೊನೇ ಫ್ರೆಟ್‌ನಲ್ಲಿ ಬೆರಳಿಂದ ಒತ್ತಿ. ಕೇಪೋ ಇಲ್ಲದಿದ್ರೆ ಮನೆಯವರನ್ನ ಯಾರನ್ನಾದರೂ ಕರೀರಿ. ಈಗ ಏಳು–ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. ಸುಮಾರು 0.3 ಮಿ.ಮೀ. ಇದ್ದರೆ ಸರಿ, ಹೆಚ್ಚುಕಮ್ಮಿ ಒಂದು ವಿಸಿಟಿಂಗ್ ಕಾರ್ಡ್ ದಪ್ಪ. ಬೈಕ್ ಗ್ಯಾರೇಜ್‌ನಲ್ಲಿ ಟ್ಯಾಪೆಟ್ ಅಳೆಯೋಕೆ ಬಳಸೋ ಫಿಲ್ಲರ್ ಗೇಜ್ ಸಿಕ್ಕರೆ ಇನ್ನೂ ಒಳ್ಳೇದು. ಸಂದೇ ಇಲ್ಲ, ತಂತಿ ಫ್ರೆಟ್‌ಗೆ ತಾಗಿಯೇ ಕೂತಿದೆ ಅಂದ್ರೆ ಸಡಿಲ ಮಾಡಬೇಕು. ಎರಡು–ಮೂರು ಕಾರ್ಡ್ ತೂರಿದ್ರೆ ಬಿಗಿ ಮಾಡಬೇಕು.

ನಟ್ ಎಲ್ಲಿರುತ್ತೆ? ಕೆಲವು ಬೇಸ್‌ಗಳಲ್ಲಿ ತಲೆ ಭಾಗದಲ್ಲಿ, ಸಣ್ಣ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಇನ್ನು ಕೆಲವದರಲ್ಲಿ ನೆಕ್ ಬಾಡಿಗೆ ಸೇರೋ ಕಡೆ. ತಿರುಗಿಸೋಕೆ ಅಲೆನ್ ಕೀ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಎಲ್ಎನ್ ಕೀ’ ಅಂದ್ರೆ ಕೊಡ್ತಾರೆ. ಇಲ್ಲೇ ಎಡವಟ್ಟಾಗೋದು. ಎಷ್ಟೋ ಗಿಟಾರ್‌ಗಳಿಗೆ 4 ಅಥವಾ 5 ಎಂಎಂ ಕೀ, ಅಮೆರಿಕದ ಮಾಡೆಲ್‌ಗಳಿಗೆ ಇಂಚಿನ ಲೆಕ್ಕ. 3/16 ಇಂಚಿನ ಕೀ ಬೇಕಾದ ಕಡೆ 4.5 ಎಂಎಂ ತುರುಕಿದರೆ ಒಳಗಿನ ಮೂಲೆ ಸವೆದು ನಟ್ ಗುಂಡಗಾಗುತ್ತೆ. ಆಮೇಲೆ ಯಾವ ಕೀ ಕೂಡ ಹಿಡಿಯಲ್ಲ. ಕೀ ಪೂರ್ತಿ ಒಳಗೆ ಹೋಗಿ ಅಲುಗಾಡದೆ ಕೂತರೆ ಮಾತ್ರ ತಿರುಗಿಸಿ.

ಕೀ ಹಿಡಿದ ಕಡೆಯಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗಿಸಿದ್ರೆ ಬಿಗಿ, ನೆಕ್ ನೇರ ಆಗುತ್ತೆ. ಎದುರು ದಿಕ್ಕಿಗೆ ತಿರುಗಿಸಿದ್ರೆ ಸಡಿಲ, ಬಾಗು ಬರುತ್ತೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ಬೇಡ, ಅಂದ್ರೆ ಮುಳ್ಳು 12ರಿಂದ 3ಕ್ಕೆ ಹೋಗುವಷ್ಟು. ಅರ್ಧ ಅಷ್ಟು ತಿರುಗಿಸಿ ನೋಡಿದ್ರೆ ಇನ್ನೂ ವಾಸಿ. ಬಿಗಿ ಮಾಡೋದಾದ್ರೆ ಮೊದಲು ತಂತಿಗಳನ್ನ ಸ್ವಲ್ಪ ಇಳಿಸಿಕೊಳ್ಳಿ, ನಟ್ ಮೇಲೆ ಭಾರ ಕಮ್ಮಿ ಆಗುತ್ತೆ. ತಿರುಗಿಸಿದ ಮೇಲೆ ಮತ್ತೆ ಟ್ಯೂನ್ ಮಾಡಿ, ಮತ್ತೆ ಅಳೀರಿ. ಟ್ಯೂನ್ ಮಾಡದೆ ಅಳೆದ ಅಳತೆಗೆ ಬೆಲೆ ಇಲ್ಲ.

ನಟ್ ಕದಲ್ತಾ ಇಲ್ಲವೇ? ‘ಕರಕ್’ ಅಂತ ಶಬ್ದ ಬಂತೇ? ಅಲ್ಲಿಗೇ ನಿಲ್ಲಿಸಿ. ಪೈಪ್ ಸಿಕ್ಕಿಸಿ ಬಲ ಹಾಕೋ ಕೆಲಸ ಇದಲ್ಲ. ರಾಡ್ ತುಂಡಾದ್ರೆ ಫ್ರೆಟ್‌ಬೋರ್ಡನ್ನೇ ಎಬ್ಬಿಸಬೇಕು, ಕಮ್ಮಿ ಬೆಲೆಯ ಬೇಸ್‌ಗೆ ಆ ರಿಪೇರಿ ಗಿಟ್ಟೋದಿಲ್ಲ. ಬೆಂಗಳೂರಿಗೋ ಮಂಗಳೂರಿಗೋ ತಗೊಂಡು ಹೋಗೋಕೆ ಒಂದು ದಿನದ ಕೂಲಿ ಹೋದ್ರೂ ಪರವಾಗಿಲ್ಲ, ಬೇಸೇ ಹೋಗೋದಕ್ಕಿಂತ ಅಗ್ಗ.

ತಂತಿಯ ಎತ್ತರ ಇಳಿಸೋಕೆ ಟ್ರಸ್ ರಾಡ್ ಬಳಸೋದು ಇನ್ನೊಂದು ತಪ್ಪು. ರಾಡ್ ಇರೋದು ಬಾಗಿಗೆ. ಎತ್ತರಕ್ಕೆ ಬ್ರಿಡ್ಜ್‌ನ ಸ್ಯಾಡಲ್‌ನಲ್ಲಿ ಸಣ್ಣ ಸ್ಕ್ರೂಗಳಿವೆ. ನೆಕ್ ಸರಿಯಾದ ಮೇಲಷ್ಟೇ ಅವನ್ನ ಮುಟ್ಟಿ. 17ನೇ ಫ್ರೆಟ್ ಹತ್ತಿರ ದಪ್ಪ ತಂತಿ ಸುಮಾರು 2.4 ಮಿ.ಮೀ., ಸಣ್ಣ ತಂತಿ 2 ಮಿ.ಮೀ. ಎತ್ತರದಲ್ಲಿದ್ದರೆ ಹೆಚ್ಚಿನವರ ಕೈಗೆ ಒಗ್ಗುತ್ತೆ.

ಮರ ನಿಧಾನ. ಇವತ್ತು ತಿರುಗಿಸಿದ್ದು ಪೂರ್ತಿ ಕೂರೋಕೆ ಒಂದು ರಾತ್ರಿ ಬೇಕಾಗಬಹುದು. ಹಾಗಾಗಿ ಸಂಜೆ ಕಾರ್ಯಕ್ರಮ ಇಟ್ಟುಕೊಂಡು ಮಧ್ಯಾಹ್ನ ನೆಕ್‌ಗೆ ಕೈ ಹಾಕ್ಬೇಡಿ. ಎರಡು ದಿನ ಮೊದಲೇ ಮಾಡಿ, ಮರುದಿನ ಬೆಳಗ್ಗೆ ಇನ್ನೊಮ್ಮೆ ಕಾರ್ಡ್ ತೂರಿಸಿ ನೋಡಿ.