‘ಲಿಲೋ’ ಅಕ್ಷರಗಳೂ ದೋಷನಿರ್ಣಯವೂ

ಶಾಸನಪಾಠವು ಎಲ್ಲಿ ತ್ರುಟಿತವಾಗಿದೆಯೆಂಬುದೂ ಒಂದು ಸಾಕ್ಷ್ಯವೆಂದು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಗಣಕಯಂತ್ರದ ವಿಷಯದಲ್ಲಿಯೂ ಅಂತಹುದೇ ಸಂದರ್ಭವೊಂದು ನಮಗೆ ಒದಗಿತು. ಅದರ ವಿವರಣೆಯೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ವಿಭಾಗದ ಹಳೆಯ ಗಣಕಯಂತ್ರವೊಂದು ಕೆಟ್ಟಾಗ ಅದರ ಹಾರ್ಡ್ ಡಿಸ್ಕನ್ನು ನಮಗೆ ಪರಿಚಯವಿಲ್ಲದ ಬೇರೊಂದು ಯಂತ್ರಕ್ಕೆ ಜೋಡಿಸಿದೆವು. ಡಿಸ್ಕಿನ ಮೊದಲ ಭಾಗದಲ್ಲಿ ಶಾಸನಗಳ ಪಡಿಯಚ್ಚುಗಳ ಪಟ್ಟಿಯಿದ್ದಿತು. ಅದಕ್ಕೆ ಬೇರೆ ಪ್ರತಿಯಿರಲಿಲ್ಲ. ಉಳಿದ ಭಾಗದಲ್ಲಿ ಯೂನಿಕ್ಸ್ ಮಾದರಿಯ ಲಿನಕ್ಸ್ ವ್ಯವಸ್ಥೆಯ ಹಳೆಯ ಆವೃತ್ತಿಯೊಂದನ್ನು ಸಿ.ಡಿ.ಯಿಂದ ಸ್ಥಾಪಿಸಿದೆವು. ಸ್ಥಾಪನೆಯು ನಿರ್ವಿಘ್ನವಾಗಿ ಮುಗಿಯಿತು. ಆದರೆ ಯಂತ್ರವನ್ನು ಮರಳಿ ಚಾಲನೆಗೊಳಿಸಿದಾಗ ತೆರೆಯ ಮೇಲೆ ‘ಎಲ್’, ‘ಐ’ ಎಂಬ ಎರಡು ರೋಮನ್ ಅಕ್ಷರಗಳು ಮಾತ್ರ ಮೂಡಿ ಎಲ್ಲವೂ ಸ್ತಬ್ಧವಾಯಿತು. ಡಿಸ್ಕ್ ಕೆಟ್ಟಿರುವುದೆಂದೂ ಎಲ್ಲವನ್ನೂ ಅಳಿಸಿ ಪುನಃ ಆರಂಭಿಸಬೇಕೆಂದೂ ಕೆಲವರು ಸಲಹೆಯಿತ್ತರು. ಹಾಗೆ ಮಾಡಿದ್ದರೆ ಪಟ್ಟಿಯು ನಷ್ಟವಾಗುತ್ತಿತ್ತು.

ಲಿನಸ್ ಟೋರ್ವಾಲ್ಡ್ಸ್ ಅವರು ಹೆಲ್ಸಿಂಕಿಯಲ್ಲಿ 1991ರಲ್ಲಿ ಲಿನಕ್ಸನ್ನು ಹೊರತಂದರು. ಅದನ್ನು ಡಿಸ್ಕಿನಿಂದ ಸ್ಮೃತಿಗೆ ತರುವ ‘ಲಿಲೋ’ ಎಂಬ ಕಿರು ಕಾರ್ಯಕ್ರಮವನ್ನು ವರ್ನರ್ ಆಲ್ಮೆಸ್‌ಬರ್ಗರ್ ರಚಿಸಿದರು. ಯಂತ್ರವು ಮೊದಲು ಓದುವ ಡಿಸ್ಕಿನ ಖಂಡವು 512 ಬೈಟುಗಳಷ್ಟೇ ಆದುದರಿಂದ ಅಲ್ಲಿ ದೀರ್ಘ ಸಂದೇಶಗಳಿಗೆ ಎಡೆಯಿಲ್ಲ. ಆದಕಾರಣ ಲಿಲೋ ತನ್ನ ಹೆಸರಿನ ನಾಲ್ಕು ಅಕ್ಷರಗಳನ್ನೇ ಒಂದೊಂದು ಹಂತದ ಗುರುತಾಗಿ ಮುದ್ರಿಸುತ್ತದೆ. ಯಾವ ಅಕ್ಷರವೂ ಮೂಡದಿದ್ದರೆ ಲಿಲೋ ಆರಂಭವೇ ಆಗಿಲ್ಲ. ‘ಎಲ್’ ಮೂಡಿ ಅದರ ಮುಂದೆ ಅಂಕಿಗಳು ಕಾಣಿಸಿದರೆ ಎರಡನೆಯ ಭಾಗವನ್ನು ಓದಲಾಗಲಿಲ್ಲವೆಂದರ್ಥ. ‘ಐ’ ಮೂಡಿ ನಿಂತರೆ ಎರಡನೆಯ ಭಾಗವನ್ನು ಓದಿದಂತಾಯಿತು, ಆದರೆ ಅದು ನಡೆಯಲಿಲ್ಲ. ಮತ್ತೊಂದು ‘ಎಲ್’ ಎರಡನೆಯ ಭಾಗವು ನಡೆಯತೊಡಗಿದುದಕ್ಕೂ, ಕೊನೆಯ ‘ಓ’ ಎಲ್ಲವೂ ಸಿದ್ಧವಾದುದಕ್ಕೂ ಸೂಚನೆ.

ನಮ್ಮ ಡಿಸ್ಕಿನಿಂದ ಏನನ್ನೋ ಓದಲಾಗಿತ್ತು; ಓದಿದುದು ಮಾತ್ರ ಬೇರೆಡೆಯದು. ಇದಕ್ಕೆ ಕಾರಣವನ್ನು ಬಯಾಸ್ ವಿಳಾಸಗಳನ್ನು ಎಣಿಸುವ ಕ್ರಮದಲ್ಲಿ ಅರಸಬೇಕು. ಹಳೆಯ ಕ್ರಮದಲ್ಲಿ ಪ್ರತಿಯೊಂದು ಖಂಡಕ್ಕೂ ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಸಂಖ್ಯೆಗಳ ವಿಳಾಸವುಂಟು. ಇವುಗಳ ಮೇಲ್ಮಿತಿ ಕ್ರಮವಾಗಿ 1024, 256 ಮತ್ತು 63. ದೊಡ್ಡ ಡಿಸ್ಕುಗಳನ್ನು ಈ ಮಿತಿಯೊಳಗೆ ಅಡಕಗೊಳಿಸಲು ಬಯಾಸ್‌ಗಳು ಹೆಡ್ಡುಗಳ ಸಂಖ್ಯೆಯನ್ನು ಲೆಕ್ಕಕ್ಕಾಗಿ ಹೆಚ್ಚಿಸಿಕೊಳ್ಳುತ್ತಿದ್ದವು. ಎಲ್ಲವೂ ಒಂದೇ ರೀತಿಯಲ್ಲಲ್ಲ. ಒಂದು ಯಂತ್ರವು 128 ಹೆಡ್ಡುಗಳೆಂದೂ ಮತ್ತೊಂದು 255 ಎಂದೂ ಎಣಿಸಿತೆನ್ನೋಣ. ಆಗ 10 ಎಂಬ ಸಂಖ್ಯೆಯ ಸಿಲಿಂಡರಿಗೆ ಮೊದಲು ಕ್ರಮವಾಗಿ 80,640 ಮತ್ತು 1,60,650 ಖಂಡಗಳಿರುತ್ತವೆ. ವಿಳಾಸವೊಂದೇ, ಸ್ಥಳಗಳು ಬೇರೆ. ಲಿನಕ್ಸ್ ಡಿಸ್ಕಿನ ವಿಭಜನಾಪಟ್ಟಿಯನ್ನು ನೋಡಿ ಹಳೆಯ ಯಂತ್ರದ ಎಣಿಕೆಯನ್ನು ಊಹಿಸಿತ್ತು. ಹೊಸ ಯಂತ್ರದ ಬಯಾಸ್ ತನ್ನ ಎಣಿಕೆಯಂತೆ ನಡೆದಿತ್ತು.

ಆದುದರಿಂದ ಸಿ.ಡಿ.ಯಿಂದಲೇ ಯಂತ್ರವನ್ನು ಮತ್ತೆ ನಡೆಸಿದೆವು. ಲಿನಕ್ಸ್ ಒಮ್ಮೆ ಚಾಲನೆಗೊಂಡ ಮೇಲೆ ಬಯಾಸನ್ನು ಆಶ್ರಯಿಸದೆ ಡಿಸ್ಕನ್ನು ನೇರವಾಗಿ ಓದುವುದರಿಂದ ಪಟ್ಟಿಯು ಅಕ್ಷತವಾಗಿ ಕಂಡಿತು. ಮೊದಲು ಅದರ ಪ್ರತಿಯನ್ನು ಬೇರೆಡೆ ತೆಗೆದಿರಿಸಿದೆವು. ಅನಂತರ ಲಿಲೋವಿನ ವಿನ್ಯಾಸಕಡತದಲ್ಲಿ ‘ಎಲ್‌ಬಿಎ32’ ಎಂಬ ಪದವನ್ನು ಸೇರಿಸಿ ಲಿಲೋ ಆಜ್ಞೆಯನ್ನು ಪುನಃ ನಡೆಸಿದೆವು. ಇದರಿಂದ ವಿಳಾಸಗಳು ಒಂದೇ ಕ್ರಮಾಂಕದಲ್ಲಿ ಬರೆಯಲ್ಪಟ್ಟು ಎರಡು ಎಣಿಕೆಗಳ ವಿರೋಧವು ತಪ್ಪಿತು. ಮುಂದಿನ ಚಾಲನೆಯಲ್ಲಿ ನಾಲ್ಕು ಅಕ್ಷರಗಳೂ ಮೂಡಿದವು. ಕಡತದಲ್ಲಿ ಆ ಪದವನ್ನು ಸೇರಿಸಿದ ಮಾತ್ರಕ್ಕೆ ಫಲವಿಲ್ಲ. ಆಜ್ಞೆಯನ್ನು ಮರಳಿ ನಡೆಸಿದಾಗಲೇ ಹೊಸ ವಿಳಾಸಗಳು ಡಿಸ್ಕಿಗೆ ಸೇರುತ್ತವೆ.

ಲಿಲೋವಿನ ಅಭಿವೃದ್ಧಿಯು 2015ರಲ್ಲಿ ನಿಂತಿತು. ಈಗ ಬಹುತೇಕ ಲಿನಕ್ಸ್ ವ್ಯವಸ್ಥೆಗಳು ‘ಗ್ರಬ್’ ಎಂಬುದನ್ನು ಬಳಸುತ್ತವೆ. ಆದರೂ ಹಳೆಯ ಡಿಸ್ಕುಗಳಲ್ಲಿ ಸಂಶೋಧನಸಾಮಗ್ರಿಯನ್ನು ಉಳಿಸಿಕೊಂಡಿರುವ ವಿಭಾಗಗಳು ಹಲವಿರಬಹುದು. ಅಂತಹ ಡಿಸ್ಕನ್ನು ಅಳಿಸಲು ಮುಂದಾಗುವ ಮೊದಲು ಚಾಲನೆಯು ಯಾವ ಹಂತದಲ್ಲಿ ನಿಂತಿತೆಂಬುದನ್ನು ಬರೆದಿಟ್ಟುಕೊಂಡು, ಸಿ.ಡಿ.ಯಿಂದ ಯಂತ್ರವನ್ನು ನಡೆಸಿ ನೋಡುವುದು ಯುಕ್ತವೆಂದು ನಾವು ಸೂಚಿಸುತ್ತೇವೆ.