ಹಿಡಿ ಬೇರಿನ ಸಾಕ್ಷ್ಯ

ಅನ್ನ ಬೆಂದಿತೆ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಮೂಟೆಗಟ್ಟಲೆ ಬಂದ ಅಶ್ವಗಂಧದ ಬೇರನ್ನು ಹಾಗೆ ಒಂದು ತುಂಡಿನಿಂದ ಅಳೆಯಲಾದೀತೆ? ಪಾತ್ರೆಯ ಅಕ್ಕಿಯೆಲ್ಲ ಒಂದೇ ನೀರಿನಲ್ಲಿ ಕುದಿದದ್ದು. ಬೇರುಗಳಾದರೋ ಹತ್ತು ಹೊಲಗಳಿಂದ ಬಂದವು.

ತುಮಕೂರು ರಸ್ತೆಯ ಮಾಕಳಿಯಲ್ಲಿ 1975ರಿಂದ ಹಿಮಾಲಯ ಸಂಸ್ಥೆಯ ಔಷಧ ಕಾರ್ಖಾನೆಯಿದೆ. ಗಿಡಮೂಲಿಕೆಯಿಂದ ಮದ್ದು ಮಾಡುವ ಯಾವ ಕಾರ್ಖಾನೆಗಾದರೂ ಎರಡು ಪ್ರಶ್ನೆಗಳು ತಪ್ಪಿದ್ದಲ್ಲ: ಈ ಸರಕಿನಲ್ಲಿ ಸತ್ತ್ವವೆಷ್ಟು? ವಿಷವೇನಾದರೂ ಇದೆಯೆ? ಉತ್ತರ ಹೇಳುವುದು ಯಂತ್ರ. ಆದರೆ ಆ ಉತ್ತರದ ಸತ್ಯಾಸತ್ಯ ನಿಂತಿರುವುದು ಯಂತ್ರದ ಬಳಿಗೆ ಹೋಗುವ ಮುನ್ನ ನಡೆಯುವ ಸಿದ್ಧತೆಯ ಮೇಲೆ.

ಮೊದಲನೆಯದು ಆಯ್ಕೆ. ಮೂಟೆಗಳ ಮೇಲಿನಿಂದ, ನಡುವಿನಿಂದ, ತಳದಿಂದ ಬೇರು ತೆಗೆದು, ಚೂರುಮಾಡಿ ರಾಶಿ ಹಾಕುತ್ತಾರೆ. ರಾಶಿಯನ್ನು ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಮಾತ್ರ ಉಳಿಸಿ ಬೆರೆಸಿ, ಮತ್ತೆ ನಾಲ್ಕು ಮಾಡುತ್ತಾರೆ. ಹೀಗೆ ಇಳಿಸುತ್ತ ಬಂದಾಗ ಕೊನೆಗುಳಿದ ಹಿಡಿ ಇಡೀ ಸರಕಿನ ಪರವಾಗಿ ಸಾಕ್ಷಿ ಹೇಳಬಲ್ಲುದು.

ಅದನ್ನು ಪುಡಿಮಾಡಿ ಜರಡಿ ಹಿಡಿಯುತ್ತಾರೆ. ಒಂದಿಷ್ಟನ್ನು 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ ತೇವವೆಷ್ಟೆಂದು ತಿಳಿಯುತ್ತಾರೆ. ಇಲ್ಲವಾದರೆ ನೀರನ್ನೂ ಬೇರೆಂದೇ ತೂಗಿದಂತಾದೀತು.

ಇನ್ನು ಸತ್ತ್ವವನ್ನು ಬಿಡಿಸಬೇಕು. ಇದಕ್ಕೆ ಬಳಸುವ ಒಂದು ಉಪಕರಣವನ್ನು 1879ರಲ್ಲಿ ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್ ಎಂಬ ರಸಾಯನಜ್ಞ ಹಾಲಿನ ಕೊಬ್ಬನ್ನು ಅಳೆಯಲೆಂದು ರೂಪಿಸಿದ. ಕೆಳಗೆ ಕುದಿಯುವ ಮೆಥನಾಲ್ ಆವಿಯಾಗಿ ಮೇಲೇರಿ, ತಂಪಾಗಿ, ಪುಡಿಯ ಮೇಲೆ ತೊಟ್ಟಿಕ್ಕುತ್ತದೆ. ತುಂಬಿದೊಡನೆ ಬಾಗಿದ ನಳಿಗೆಯ ಮೂಲಕ ಸತ್ತ್ವಸಮೇತ ಕೆಳಗಿಳಿಯುತ್ತದೆ. ಸತ್ತ್ವ ಕೆಳಗೇ ಉಳಿದು ದ್ರವ ಮಾತ್ರ ಮತ್ತೆ ಆವಿಯಾಗುವುದರಿಂದ, ಪುಡಿಗೆ ಪ್ರತಿ ಸಲವೂ ಶುದ್ಧ ದ್ರವವೇ ಸಿಗುತ್ತದೆ.

ಸೀಸದ ಪರೀಕ್ಷೆಗೆ ದಾರಿ ಬೇರೆ. ಪುಡಿಯನ್ನು ನೈಟ್ರಿಕ್ ಆಮ್ಲದೊಡನೆ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿದಾಗ ಸಸ್ಯಾಂಶ ಒಡೆದು, ಲೋಹ ದ್ರಾವಣದಲ್ಲಿ ಉಳಿಯುತ್ತದೆ. ಆಯುರ್ವೇದ ಔಷಧಕೋಶದ ಮಿತಿಯಂತೆ ಹತ್ತು ಲಕ್ಷ ಪಾಲಿನಲ್ಲಿ ಸೀಸ 10 ಪಾಲು ಮೀರಬಾರದು. ಇಷ್ಟು ಸೂಕ್ಷ್ಮ ಲೆಕ್ಕದಲ್ಲಿ ತೊಳೆಯದ ಗಾಜೂ ಸುಳ್ಳು ಹೇಳೀತು. ಆದುದರಿಂದ ಬೇರೇ ಇಲ್ಲದೆ, ಆಮ್ಲವನ್ನಷ್ಟೇ ಹಾಕಿ, ಅದೇ ಕ್ರಮವನ್ನು ಒಮ್ಮೆ ನಡೆಸಿ ನೋಡುತ್ತಾರೆ. ಇನ್ನೊಮ್ಮೆ ತಾವೇ ಗೊತ್ತಾದಷ್ಟು ಸೀಸ ಬೆರೆಸುತ್ತಾರೆ. ಬೆರೆಸಿದ್ದು 100 ಪಾಲು, ಕೈಗೆ ಬಂದದ್ದು 60 ಎಂದರೆ, ಉಳಿದ 40 ದಾರಿಯಲ್ಲೇ ಸೋರಿತೆಂದು ಅರ್ಥ. ಈ ಸೋರಿಕೆಯನ್ನು ಕಾಣದೆ ಹೋದರೆ ವಿಷವಿರುವ ಸರಕೂ ನಿರ್ದೋಷಿಯೆನಿಸಿ ರೋಗಿಯ ಮನೆ ಸೇರುತ್ತದೆ.

ಯಂತ್ರ ತನಗೆ ಕೊಟ್ಟದ್ದನ್ನಷ್ಟೇ ಅಳೆಯುತ್ತದೆ. ಕೊಡುವ ಕೈ ಎಚ್ಚರವಾಗಿರಬೇಕು.